ಒಳ್ಳೆಯ ಲಸಿಕೆ ಸಿಕ್ಕ ಮೇಲೂ ದೊಡ್ಡರೋಗ ಹೋಗಲು ಐವತ್ತು ವರ್ಷ ಹಿಡಿಯಿತು

1920ರಲ್ಲಿ ಭಾರತದಿಂದ ಬ್ರೆಜಿಲ್‌ಗೆ ಹೊರಟಿದ್ದ ದನಗಳನ್ನು ದಾರಿಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಇಳಿಸಿದರು. ಅವುಗಳ ಜೊತೆ ದೊಡ್ಡರೋಗವೂ ಇಳಿಯಿತು. ರಿಂಡರ್‌ಪೆಸ್ಟ್ ಅಂತಾರಲ್ಲ, ಅದೇ. ಮೊದಲು ಜ್ವರ, ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ಆಮೇಲೆ ನಿಲ್ಲದ ಭೇದಿ. ರೋಗ ಕಂಡೇ ಇರದ ಸೀಮೆಗೆ ಹೊಕ್ಕರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿ.

ಅದಕ್ಕೂ ಮೊದಲು, 1880ರ ದಶಕದ ಕೊನೆಯಲ್ಲಿ, ಇದೇ ರೋಗ ಎರಿಟ್ರಿಯಾ ಕಡೆಯಿಂದ ಆಫ್ರಿಕಾ ಹೊಕ್ಕು ಹತ್ತೇ ವರ್ಷದಲ್ಲಿ ದಕ್ಷಿಣದ ತುದಿ ಮುಟ್ಟಿತ್ತು, ಉಳಲು ಎತ್ತಿಲ್ಲದೆ ಇಥಿಯೋಪಿಯಾದಲ್ಲಿ ಘೋರ ಬರಗಾಲವೇ ಬಿದ್ದಿತ್ತು. ಆದರೆ ಯುರೋಪಿನವರು ಎದ್ದು ಕೂತಿದ್ದು ತಮ್ಮ ಬಂದರಿಗೆ ಬಂದ ಮೇಲೆ. 1921ರಲ್ಲಿ ಪ್ಯಾರಿಸ್‌ನಲ್ಲಿ ಸಭೆ ಸೇರಿದರು, 1924ರಲ್ಲಿ 28 ದೇಶಗಳು ಸೇರಿ ಒಐಇ ಅನ್ನುವ ಪ್ರಾಣಿರೋಗಗಳ ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದವು. ಎಲ್ಲೇ ರೋಗ ಕಂಡರೂ ಬೇರೆ ದೇಶಗಳಿಗೆ ತಿಳಿಸಬೇಕು ಅನ್ನುವುದು ಅದರ ಮುಖ್ಯ ಕೆಲಸ. ದನದ ವ್ಯಾಪಾರ ನಿಂತೀತು ಅಂತ ಮುಚ್ಚಿಡುವ ಚಾಳಿ ಎಲ್ಲರಿಗೂ ಇತ್ತು, ಅಲ್ವಾ?

ಲಸಿಕೆಗೇನೂ ಬರ ಇರಲಿಲ್ಲ. 1920ರ ದಶಕದಲ್ಲೇ ನಮ್ಮ ಹಿಮಾಲಯದ ಮುಕ್ತೇಶ್ವರದ ಲ್ಯಾಬಿನಲ್ಲಿ ಎಡ್ವರ್ಡ್ಸ್ ಅನ್ನುವ ವಿಜ್ಞಾನಿ ವೈರಸ್ಸನ್ನು ಮೇಕೆಗಳಲ್ಲಿ ಬೆಳೆಸಿ ಒಂದು ಲಸಿಕೆ ಮಾಡಿದ್ದರು. 1960ರ ಹೊತ್ತಿಗೆ ಕೀನ್ಯಾದಲ್ಲಿ ವಾಲ್ಟರ್ ಪ್ಲೋರೈಟ್ ಇನ್ನೂ ಒಳ್ಳೆಯದನ್ನು ತಂದರು. 1962ರಿಂದ ಆಫ್ರಿಕಾದ ದೇಶಗಳು ಒಟ್ಟಾಗಿ ಚುಚ್ಚಿದವು, ರೋಗ ಹೆಚ್ಚುಕಡಿಮೆ ಹೋಯಿತು. ಹೋಯಿತಲ್ಲ ಅಂತ ಸುಮ್ಮನಾದರು. ಒಂದೆರಡು ಮೂಲೆಯಲ್ಲಿ ಉಳಿದಿದ್ದ ವೈರಸ್ 1980ರ ದಶಕದಲ್ಲಿ ಮತ್ತೆ ಖಂಡವೆಲ್ಲ ಸುತ್ತಿತು.

1994ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಈ ರೋಗ ನಿರ್ಮೂಲನೆಗೆ ಜಾಗತಿಕ ಯೋಜನೆ ಶುರುಮಾಡಿತು. ಫ್ರಿಜ್ ಇಲ್ಲದೆ ವಾರಗಟ್ಟಲೆ ಕೆಡದೆ ಇರುವ ಲಸಿಕೆಯೂ ಅಷ್ಟರಲ್ಲಿ ಬಂದಿತ್ತು, ದನಗಾಹಿಗಳೇ ಅದನ್ನು ಹೊತ್ತುಕೊಂಡು ಹೋಗಿ ಹಾಕಿದರು. ನನ್ನ ಪ್ರಕಾರ ನಿಜವಾದ ಕಷ್ಟ ಬಂದದ್ದು ಆಮೇಲೆ, ಲಸಿಕೆ ನಿಲ್ಲಿಸುವಾಗ. ರಕ್ತ ಪರೀಕ್ಷೆಯಲ್ಲಿ ಲಸಿಕೆ ಹಾಕಿದ ದನಕ್ಕೂ ರೋಗ ಬಂದು ಬದುಕಿದ ದನಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಹಾಗಾಗಿ ವೈರಸ್ ಇನ್ನೂ ಇದೆಯಾ ಅಂತ ನೋಡಬೇಕಾದರೆ ಸೂಜಿ ಕೆಳಗಿಡಲೇಬೇಕು. ಪಕ್ಕದ ದೇಶ ಸುಳ್ಳು ಹೇಳಿದ್ದರೆ? ಆ ಭಯದಲ್ಲೇ ಒಂದೊಂದೇ ದೇಶ ನಿಲ್ಲಿಸಿತು. ಭಾರತದ ಕೊನೆಯ ಪ್ರಕರಣ 1995ರಲ್ಲಿ ತಮಿಳುನಾಡಿನಲ್ಲಿ, ಜಗತ್ತಿನ ಕೊನೆಯದು 2001ರಲ್ಲಿ ಕೀನ್ಯಾದ ಕಾಡೆಮ್ಮೆಗಳಲ್ಲಿ. 2011ರಲ್ಲಿ ರೋಗ ಹೋಯಿತೆಂದು ಘೋಷಿಸಿದರು.

ಈಗ ಕುರಿ-ಮೇಕೆಗಳಿಗೆ ಬರುವ, ದೊಡ್ಡರೋಗದಂಥದ್ದೇ ಆದ ಪಿಪಿಆರ್ ರೋಗವನ್ನು ಅಳಿಸುವ ಸರದಿ, 2030ರ ಗಡುವು. ಇದು ಇನ್ನೂ ಕಷ್ಟ. ಮೇಕೆಗಳು ಬೇಗ ಬೇಗ ಮರಿ ಹಾಕುತ್ತವೆ, ಲಸಿಕೆ ಇಲ್ಲದ ಮರಿಗಳು ಪ್ರತಿ ವರ್ಷ ಮಂದೆಗೆ ಸೇರುತ್ತಲೇ ಇರುತ್ತವೆ. ಜೊತೆಗೆ, ಮೇಕೆ ಬಡವರ ಆಸ್ತಿ. ಅದಕ್ಕೆ ದುಡ್ಡು ಹಾಕಲು ಶ್ರೀಮಂತ ದೇಶಗಳಿಗೆ ಆಂಟ್‌ವರ್ಪ್‌ನಂಥ ಅವಸರ ಇನ್ನೂ ಬಂದಿಲ್ಲ.