ಸ್ಟ್ರೀಮ್‌ಲೈನರ್ ಅಂದರೆ ಏನು?

ಹೊಳೆಯಲ್ಲಿ ನುಣ್ಣನೆ ಕಲ್ಲಿದ್ದರೆ ನೀರು ಸದ್ದಿಲ್ಲದೆ ಬಳಸಿಕೊಂಡು ಹೋಗುತ್ತದೆ. ಮೂಲೆ ಚೂಪಾದ ಬಂಡೆ ಇದ್ದರೆ ಅದರ ಹಿಂದೆ ಸುಳಿ ಏಳುತ್ತದೆ. ಹಾಗೆ ಸುಳಿಯಿಲ್ಲದೆ ಹರಿಯುವ ದಾರಿಯೇ 'ಸ್ಟ್ರೀಮ್‌ಲೈನ್'. ಗಾಳಿಗೂ ಇದೇ ಲೆಕ್ಕ. ಗಾಳಿ ಜಾರಿಹೋಗುವಂತೆ ಮೈ ಕಟ್ಟಿದ ರೈಲಿಗೆ 1930ರ ದಶಕದ ಅಮೆರಿಕದಲ್ಲಿ 'ಸ್ಟ್ರೀಮ್‌ಲೈನರ್' ಎಂದು ಹೆಸರು ಬಿತ್ತು.

ಆಗ ಆರ್ಥಿಕ ಕುಸಿತದ ಕಾಲ. ಇದ್ದ ಪ್ರಯಾಣಿಕರೂ ಕಾರು, ಬಸ್ಸಿನ ಕಡೆ ಹೊರಟಿದ್ದರು. ಅವರನ್ನು ವಾಪಸ್ ಕರೆಯಲು ಬರ್ಲಿಂಗ್‌ಟನ್ ರೈಲ್ವೆ ಕಂಪನಿ 1934ರಲ್ಲಿ 'ಜೆಫರ್' ರೈಲನ್ನು ತಂದಿತು. ಮೇ 26ರಂದು ಅದು ಡೆನ್ವರ್‌ನಿಂದ ಶಿಕಾಗೊಗೆ, ಸುಮಾರು 1,600 ಕಿ.ಮೀ. ದೂರವನ್ನು 13 ಗಂಟೆ 5 ನಿಮಿಷದಲ್ಲಿ ಓಡಿತು. ಆ ಓಟದಲ್ಲಿ ಒಂದು ಪುಟ್ಟ ಕತ್ತೆಯೂ ಪ್ರಯಾಣಿಕ!

ಆದರೆ ನನಗೆ ಜಾಸ್ತಿ ಇಷ್ಟ ಇದರ ತಮ್ಮ, 'ಫ್ಲೈಯಿಂಗ್ ಯಾಂಕಿ'. ಇದು ದೇಶ ದಾಟುವ ರೈಲಲ್ಲ, ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಸೀಮೆಯೊಳಗಿನದು. 1935ರ ಏಪ್ರಿಲ್ 1ರಿಂದ ಓಡತೊಡಗಿತು. ಪೋರ್ಟ್‌ಲೆಂಡ್‌ನಿಂದ ಬಾಸ್ಟನ್, ಅಲ್ಲಿಂದ ಬ್ಯಾಂಗರ್, ಮತ್ತೆ ಬಾಸ್ಟನ್, ರಾತ್ರಿಗೆ ಮನೆ. ದಿನಕ್ಕೆ ಸುಮಾರು 1,200 ಕಿ.ಮೀ., ವಾರಕ್ಕೆ 6 ದಿನ. ಮೈಯೆಲ್ಲ ಸ್ಟೇನ್‌ಲೆಸ್ ಸ್ಟೀಲು, ಒಳಗೆ ಏಸಿ. ಊಟಕ್ಕೆ ಬೇರೆ ಮೇಜಿಲ್ಲ. ಮುಂದಿನ ಸೀಟಿನ ಬೆನ್ನಿಗೆ ತಟ್ಟೆ ಸಿಕ್ಕಿಸಿ ಕೂತಲ್ಲಿಗೇ ಬಡಿಸುತ್ತಿದ್ದರು. ಈಗ ವಿಮಾನದಲ್ಲಿ ನೋಡ್ತೀವಲ್ಲ, ಹೆಚ್ಚುಕಡಿಮೆ ಹಾಗೆ.

ಇಲ್ಲೇ 'ಸ್ಟ್ರೀಮ್‌ಲೈನರ್' ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಹಾಗಾಗಿ ನುಣ್ಣನೆ ಮೈಯ ಲಾಭ ಚೆನ್ನಾಗಿ ಕಾಣುವುದು ಭಾರಿ ವೇಗದಲ್ಲಿ. ಊರೂರಿಗೆ ನಿಂತು ಹೊರಡುವ ರೈಲಿಗೆ ಆ ವೇಗ ಸಿಗುವುದೇ ಅಪರೂಪ. ಅದಕ್ಕೆ ನಿಜವಾಗಿ ನೆರವಾಗಿದ್ದು ಡೀಸೆಲ್ ಎಂಜಿನ್ ಮತ್ತು ಹಗುರ ಮೈ. ಹಗುರವಿದ್ದಷ್ಟೂ ನಿಂತಲ್ಲಿಂದ ಬೇಗ ಓಟ ಹಿಡಿಯಬಹುದು, ಅಲ್ವಾ? ಜೆಫರ್‌ನ ಮೂರು ಬೋಗಿ ಸೇರಿ ಸುಮಾರು 100 ಟನ್. ಆ ಕಾಲದ ಒಂದೇ ಒಂದು ಭಾರಿ ಪುಲ್‌ಮನ್ ಕಂಪನಿಯ ಬೋಗಿ ಸುಮಾರು 80 ಟನ್ ತೂಗುತ್ತಿತ್ತು.

'ಬೋಗಿ' ಅಂದಾಗ ನೆನಪಾಯಿತು. ನಾವು ಡಬ್ಬಿಗೆ ಬೋಗಿ ಅನ್ನುತ್ತೇವೆ. ರೈಲ್ವೆ ಎಂಜಿನಿಯರುಗಳಿಗೆ ಬೋಗಿ ಅಂದರೆ ಡಬ್ಬಿಯ ಕೆಳಗಿನ ಗಾಲಿಗಳ ಚೌಕಟ್ಟು. ಪ್ರತಿ ಡಬ್ಬಿಗೆ ಎರಡರಂತೆ ಮೂರಕ್ಕೆ ಆರು ಚೌಕಟ್ಟು ಬೇಕು. ಈ ರೈಲುಗಳಲ್ಲಿ ಅಕ್ಕಪಕ್ಕದ ಡಬ್ಬಿಗಳು ಒಂದೇ ಚೌಕಟ್ಟಿನ ಮೇಲೆ ಕೂರುತ್ತಿದ್ದವು. ಹಾಗಾಗಿ ನಾಲ್ಕೇ ಸಾಕು. ತೂಕ ಇಳಿಯಿತು ನಿಜ, ಆದರೆ ಜನ ಜಾಸ್ತಿಯಾದ ದಿನ ಸುಮ್ನೆ ಇನ್ನೊಂದು ಡಬ್ಬಿ ಜೋಡಿಸಲು ಆಗುತ್ತಿರಲಿಲ್ಲ.

ಹೊಳೆಯುವ ದುಂಡು ಮೂತಿ ಮಾತ್ರ ಜನರ ಕಣ್ಣಲ್ಲಿ ನಿಂತುಬಿಟ್ಟಿತು. ಗಾಳಿ ಸೀಳುವ ಕೆಲಸವೇ ಇಲ್ಲದ ಫ್ರಿಜ್ಜು, ರೇಡಿಯೊಗಳಿಗೂ ಅದೇ ನುಣುಪು ಮೈ ಬಂತು. 'ಸ್ಟ್ರೀಮ್‌ಲೈನ್ಡ್' ಅಂದರೆ ಸುಮ್ನೆ 'ಹೊಸ ಕಾಲದ್ದು' ಎಂಬಷ್ಟೇ ಅರ್ಥ ಉಳಿಯಿತು. ಯಾಂಕಿ 1957ರವರೆಗೆ ಓಡಿ ಮ್ಯಾಸಚೂಸೆಟ್ಸ್‌ನ ಒಂದು ರೈಲು ಮ್ಯೂಸಿಯಂ ಸೇರಿತು. ಜೆಫರ್ ಈಗಲೂ ಶಿಕಾಗೊ ಮ್ಯೂಸಿಯಂನಲ್ಲಿ ನಿಂತಿದೆ.