ಪರದೆಯ ಮೇಲಿನ ಸಾವು, ಹಾಸಿಗೆಯ ಪಕ್ಕದ ಸಾವು

ಸಿನಿಮಾದ ಆಸ್ಪತ್ರೆಯಲ್ಲಿ ಮಾನಿಟರಿನ ಗೆರೆ ನೇರವಾಗುತ್ತದೆ, ವೈದ್ಯರು ಎದೆಗೆ ವಿದ್ಯುತ್ ಆಘಾತ ಕೊಡುತ್ತಾರೆ, ರೋಗಿ ಕಣ್ಣು ಬಿಡುತ್ತಾನೆ. ಆ ಆಘಾತ ಕೆಲಸ ಮಾಡುವುದು ಲಯ ತಪ್ಪಿ ಅದುರುತ್ತಿರುವ ಹೃದಯಕ್ಕೆ. ಪೂರ್ತಿ ನಿಂತುಹೋದ ಹೃದಯವನ್ನು ಅದು ಎಬ್ಬಿಸಲಾರದು. ಅಮೆರಿಕದ ಟಿ.ವಿ. ಕಾರ್ಯಕ್ರಮಗಳನ್ನು ಕುರಿತು 1996ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅವುಗಳಲ್ಲಿ ಎದೆ ಒತ್ತಿ ಚಿಕಿತ್ಸೆ ಪಡೆದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಆ ಕ್ಷಣಕ್ಕೆ ಬದುಕುಳಿದಿದ್ದರು. ನಿಜವಾದ ಆಸ್ಪತ್ರೆಯಲ್ಲಿ ಹಾಗೆ ಉಳಿದು ಮನೆಗೆ ಮರಳುವವರು ಬಹಳ ಕಡಿಮೆ. ದೇಹವೆಲ್ಲ ಹರಡಿದ ಕ್ಯಾನ್ಸರಿನ ಕೊನೆಯ ಹಂತದಲ್ಲಂತೂ ತೀರಾ ವಿರಳ.

ಗುಣವಾಗದ ಕಾಯಿಲೆಯವರ ನೋವು, ಸಂಕಟಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯ ವೈದ್ಯನಾಗಿ ನಾನು ಭೇಟಿಯಾಗುವ ಅನೇಕ ಕುಟುಂಬಗಳು ಸಾವನ್ನು ಕಂಡಿರುವುದು ಪರದೆಯ ಮೇಲೆ ಮಾತ್ರ. ಹೀಗಾಗಿ “ಏನಾದರೂ ಮಾಡಿ ಡಾಕ್ಟ್ರೇ” ಎಂಬ ಮಾತಿನ ಬೆನ್ನಿಗೇ “ಅಪ್ಪನಿಗೆ ಮಾತ್ರ ಹೇಳಬೇಡಿ” ಎಂಬ ಮಾತೂ ಬರುತ್ತದೆ. ಅಪ್ಪನಿಗೆ ಬಹುಮಟ್ಟಿಗೆ ಗೊತ್ತಿರುತ್ತದೆ. ಮಕ್ಕಳು ನೊಂದುಕೊಳ್ಳುತ್ತಾರೆಂದು ಅವರೂ ಸುಮ್ಮನಿರುತ್ತಾರೆ. ಪ್ರೀತಿಯಿಂದಲೇ ಹುಟ್ಟಿದ ಈ ಮೌನ, ಹೇಳಬೇಕಾದ ಮಾತುಗಳಿಗೆ ಉಳಿದಿರುವ ಕೆಲವೇ ದಿನಗಳನ್ನು ತಿಂದುಹಾಕುತ್ತದೆ.

ನಮ್ಮ ನಾಡಿನ ಹಳೆಯ ಕಲೆ ಸಾವನ್ನು ಹೀಗೆ ಮರೆಮಾಚಿರಲಿಲ್ಲ. ಊರ ಬಾಗಿಲಲ್ಲಿ, ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ ಇರುತ್ತವೆ. ಶ್ರವಣಬೆಳಗೊಳದ ಶಾಸನಗಳು ಸಲ್ಲೇಖನವನ್ನು, ಅಂದರೆ ಆಹಾರ ತೊರೆದು ಸಾವನ್ನು ಸ್ವಾಗತಿಸುವ ಜೈನ ವ್ರತವನ್ನು, ಕೈಗೊಂಡವರನ್ನು ಹೆಸರಿಟ್ಟು ನೆನೆಯುತ್ತವೆ; ಅವರಲ್ಲಿ ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯೂ ಒಬ್ಬಳು. ಆ ವ್ರತವನ್ನು ರೋಗಿಗಳಿಗೆ ಸೂಚಿಸಲು ನಾನಿದನ್ನು ಹೇಳುತ್ತಿಲ್ಲ. ಸಾವಿಗೂ ಹಂತಗಳಿವೆ, ಅದನ್ನು ಕಂಡವರು ಪಕ್ಕದಲ್ಲಿರಬೇಕು ಎಂಬ ತಿಳಿವಳಿಕೆ ಆ ಕಲ್ಲುಗಳಲ್ಲಿದೆ.

ದೀರ್ಘ ಕಾಯಿಲೆಯ ಕೊನೆಯ ದಿನಗಳು ಬಹುತೇಕ ಒಂದೇ ರೀತಿಯಲ್ಲಿ ಸಾಗುತ್ತವೆ. ಊಟ ಬೇಡವಾಗುತ್ತದೆ, ನಿದ್ದೆ ಹೆಚ್ಚುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಪಾದಗಳು ತಣ್ಣಗಾಗಿ ಅಲ್ಲಲ್ಲಿ ನೀಲಿಗಟ್ಟುತ್ತವೆ. ಉಸಿರು ಕೆಲವು ಸಲ ಆಳವಾಗಿ, ಮತ್ತೆ ಮೆಲ್ಲಗಾಗಿ, ಸ್ವಲ್ಪ ಹೊತ್ತು ನಿಂತು ಪುನಃ ಬರುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಕೇಳಿದಾಗ ಮನೆಯವರು ಬೆದರುತ್ತಾರೆ. ನುಂಗಲಾಗದ ಎಂಜಲು ಗಂಟಲಲ್ಲಿ ನಿಂತು ಬರುವ ಸದ್ದದು, ಆ ಹೊತ್ತಿಗೆ ಪ್ರಜ್ಞೆ ಮಂಕಾಗಿರುವ ರೋಗಿಗೆ ಅದರಿಂದ ಸಂಕಟವಾಗುವುದಿಲ್ಲವೆಂದೇ ನಮ್ಮ ತಿಳಿವಳಿಕೆ. ಒಂದು ಮಗ್ಗುಲಿಗೆ ಮಲಗಿಸಿದರೆ ಸದ್ದು ತಗ್ಗುತ್ತದೆ. ಈ ಹೊತ್ತಿನಲ್ಲಿ ಬಾಯಿಗೆ ಗಂಗಾಜಲ ಬಿಡುವುದು ನಮ್ಮ ಅನೇಕ ಮನೆಗಳ ಪದ್ಧತಿ. ಅದನ್ನು ಬೇಡವೆನ್ನುವ ಮನಸ್ಸು ನನಗಿಲ್ಲ, ಆದರೆ ನುಂಗುವ ಶಕ್ತಿ ಹೋದವರಿಗೆ ಚಮಚದಲ್ಲಿ ಹೊಯ್ದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದೇ ಗಂಗಾಜಲದಲ್ಲಿ ಹತ್ತಿಯನ್ನು ಅದ್ದಿ, ಹಿಂಡಿ, ತುಟಿ ಮತ್ತು ನಾಲಗೆಯನ್ನು ಒದ್ದೆ ಮಾಡಿದರೆ ಪದ್ಧತಿಯೂ ಉಳಿಯುತ್ತದೆ, ಒಣಗಿದ ಬಾಯಿಗೆ ಹಾಯೆನಿಸುತ್ತದೆ. ನೋವಿದ್ದರೆ ಮಾರ್ಫಿನ್ ಕೊಡಲು ಹೆದರಬೇಕಿಲ್ಲ. ತಕ್ಕ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಬೇಗ ತರುವುದಿಲ್ಲ.

ಎಷ್ಟು ಚಿಕಿತ್ಸೆ ಬೇಕು ಎಂಬುದನ್ನು ಮೊದಲೇ ಬರೆದಿಡುವ ಹಕ್ಕು ನಮಗಿದೆ. ಆ ಹಕ್ಕಿನ ಹಿಂದೆ ಉತ್ತರ ಕನ್ನಡದ ಹಳದೀಪುರದವರಾದ ನರ್ಸ್ ಅರುಣಾ ಶಾನಭಾಗ್ ಅವರ ಬದುಕಿದೆ. 1973ರಲ್ಲಿ ಮುಂಬೈಯಲ್ಲಿ ಹಲ್ಲೆಗೊಳಗಾದ ಅವರು 2015ರವರೆಗೆ ಹಾಸಿಗೆಯಲ್ಲೇ ಇದ್ದರು. ಅವರ ಪ್ರಕರಣದಲ್ಲಿ, ಜೀವ ಉಳಿಸುವ ಚಿಕಿತ್ಸೆಯನ್ನು ನಿಲ್ಲಿಸುವ ಕುರಿತು 2011ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, 2018ರಲ್ಲಿ ಬೇರೊಂದು ಪ್ರಕರಣದಲ್ಲಿ ಘನತೆಯ ಸಾವನ್ನು ಬದುಕುವ ಹಕ್ಕಿನ ಭಾಗವೆಂದು ಒಪ್ಪಿತು. 2023ರಲ್ಲಿ ಹೀಗೆ ಮೊದಲೇ ಬರೆದಿಡುವ ವಿಧಾನ ಸರಳವಾಯಿತು, 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದರ ಜಾರಿಗೆ ಆದೇಶ ಹೊರಡಿಸಿತು. ಸ್ವಸ್ಥಚಿತ್ತರಾದ ವಯಸ್ಕರು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತಮ್ಮ ಪರವಾಗಿ ನಿರ್ಧರಿಸಬೇಕಾದವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಹಾಗೆ ಹೆಸರಿಸಿದವರೊಡನೆ ಕುಳಿತು ಮಾತನಾಡಿದ ಮೇಲೆಯೇ ಸಹಿ ಹಾಕಿ ಎಂದು ನನ್ನ ಬಳಿ ಬರುವವರಿಗೆಲ್ಲ ಹೇಳುತ್ತೇನೆ.