ಕೋಣೆ ಅಳತೆ ಗೊತ್ತಿದ್ದರೆ ರೇಡಿಯೇಟರ್ ಅಳತೆ ಗೊತ್ತಾದ ಹಾಗೇನಾ?

ಪ್ರಶ್ನೆ: ಮನೆಗೆ ಬಿಸಿನೀರಿನ ಹೀಟಿಂಗ್ ಹಾಕಿಸುತ್ತಿದ್ದೇವೆ. ಚದರ ಮೀಟರಿಗೆ 100 ವ್ಯಾಟ್ ಲೆಕ್ಕದಲ್ಲಿ ರೇಡಿಯೇಟರ್ (ಗೋಡೆಗೆ ಹಾಕುವ, ಒಳಗೆ ಬಿಸಿನೀರು ಹರಿಯುವ ಲೋಹದ ಹಲಗೆ) ತಗೊಳ್ಳಿ ಅಂತಾರೆ. ಅಷ್ಟು ಸಾಕಾ?

ಸಾಲದು. ಆ ಬಾಯಿಲೆಕ್ಕ ನೆಲವನ್ನು ಮಾತ್ರ ನೋಡುತ್ತದೆ. ಆದರೆ ಶಾಖ ಹೊರಗೆ ಹೋಗುವುದು ಜಾಸ್ತಿ ಗೋಡೆ, ಕಿಟಕಿ ಮತ್ತು ಸಂದುಗಳಿಂದ. ಹೋದಷ್ಟನ್ನು ತುಂಬಿಕೊಡುವುದೇ ರೇಡಿಯೇಟರಿನ ಕೆಲಸ.

ಒಂದು ಕೋಣೆ ತಗೊಳ್ಳೋಣ. ಉದ್ದ 5 ಮೀಟರ್, ಅಗಲ 4, ಎತ್ತರ 2.5. ಎರಡು ಗೋಡೆ ಬಯಲಿಗಿವೆ, 3 ಚದರ ಮೀಟರಿನ ಎರಡು ಪದರದ ಗಾಜಿನ ಕಿಟಕಿ ಇದೆ. ಮೇಲೂ ಕೆಳಗೂ ಬೆಚ್ಚಗಿನ ಕೋಣೆಗಳು. ಒಳಗೆ 20 ಡಿಗ್ರಿ ಬೇಕು, ಹೊರಗೆ ಮೈನಸ್ 5. ಅಂದರೆ 25 ಡಿಗ್ರಿ ಅಂತರ.

ಕಿಟಕಿ ಕಳೆದು ಉಳಿದ ಹೊರಗೋಡೆ 19.5 ಚದರ ಮೀಟರ್. ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವ್ಯಾಟ್ ಸೋರುತ್ತದೋ ಅದೇ ಯು-ಮೌಲ್ಯ. ಇನ್ಸುಲೇಶನ್ (ಶಾಖ ತಡೆಯುವ ಹೊದಿಕೆ) ಇಲ್ಲದ ಗಟ್ಟಿ ಇಟ್ಟಿಗೆ ಗೋಡೆಗೆ ಅದು ಸುಮಾರು 2. ವಿಸ್ತೀರ್ಣ, ಯು-ಮೌಲ್ಯ, ತಾಪದ ಅಂತರ ಮೂರನ್ನೂ ಗುಣಿಸಿ: 975 ವ್ಯಾಟ್. ಕಿಟಕಿಗೆ ಯು-ಮೌಲ್ಯ 2.8 ಅಂತ ಹಿಡಿದರೆ 210. ಗಂಟೆಗೊಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾದರೆ ಇನ್ನೊಂದು 410. ಒಟ್ಟು ಹತ್ತಿರ ಹತ್ತಿರ 1600.

ಈಗ ಅದೇ ಗೋಡೆಗೆ ಒಳ್ಳೆಯ ಇನ್ಸುಲೇಶನ್ ಹಾಕಿಸಿ, ಯು-ಮೌಲ್ಯ 0.3 ಮಾಡಿ. ಗೋಡೆಯ ನಷ್ಟ 146ಕ್ಕೆ ಇಳಿಯುತ್ತದೆ, ಒಟ್ಟು 770ರ ಆಸುಪಾಸು. ಬಾಯಿಲೆಕ್ಕ ಎರಡೂ ಸಲ 2000 ಅನ್ನುತ್ತಿತ್ತು! ಇನ್ಸುಲೇಶನ್ ಮಾಡಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿ, ರೇಡಿಯೇಟರ್ ಆಮೇಲೆ ನೋಡಿ.

ಸರಿ, 1600 ವ್ಯಾಟ್ ಅಂತ ಬರೆದಿರೋದನ್ನು ತಂದರಾಯ್ತು, ಅಲ್ವಾ? ಜನ ಎಡವುವುದು ಇಲ್ಲೇ. ಯೂರೋಪಿನ ಇಎನ್ 442 ಮಾನದಂಡದಂತೆ ಆ ಅಂಕಿ ಬರುವುದು ನೀರು 75 ಡಿಗ್ರಿಯಲ್ಲಿ ಒಳಗೆ ಹೋಗಿ 65ರಲ್ಲಿ ಹೊರಬಂದಾಗ. ನೀರಿನ ಸರಾಸರಿ 70, ಕೋಣೆ 20, ಅಂತರ 50. ಇದನ್ನೇ ಡೆಲ್ಟಾ-ಟಿ 50 ಅನ್ನುವುದು. ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆಳೆದು ನೀರು ಕಾಯಿಸುವ ಯಂತ್ರ) ಅಷ್ಟು ಬಿಸಿನೀರು ಕೊಟ್ಟರೂ ಕರೆಂಟು ಜಾಸ್ತಿ ಎಳೆಯುತ್ತದೆ, ಹಾಗಾಗಿ ಅದನ್ನು ಕಡಿಮೆ ತಾಪದಲ್ಲಿ ಓಡಿಸುವುದೇ ವಾಡಿಕೆ. ನೀರು 55ರಲ್ಲಿ ಹೋಗಿ 45ರಲ್ಲಿ ಬಂದರೆ ಅಂತರ 30. ಆಗ ಅದೇ ರೇಡಿಯೇಟರ್ ಕೊಡುವುದು ಬರೆದದ್ದರ ಅರ್ಧಕ್ಕಿಂತ ಚೂರು ಜಾಸ್ತಿ, ಅಷ್ಟೇ. ನಮ್ಮ ಕೋಣೆಗೆ 3100 ವ್ಯಾಟಿನದ್ದು ಬೇಕಾಗುತ್ತದೆ.

ಅಷ್ಟುದ್ದದ್ದಕ್ಕೆ ಗೋಡೆಯಲ್ಲಿ ಜಾಗ ಇಲ್ಲವೇ? ಒಂದೇ ಹಲಗೆಯದರ ಬದಲು ಎರಡು ಹಲಗೆಯದು, ಅಂದರೆ ಟೈಪ್ 22, ನೋಡಿ. ಉದ್ದ ಅಷ್ಟೇ ಇದ್ದರೂ ಶಾಖ ಬಹಳ ಜಾಸ್ತಿ. ಗೋಡೆಯಿಂದ ಸ್ವಲ್ಪ ಮುಂದಕ್ಕೆ ಚಾಚುತ್ತದೆ, ಅಷ್ಟೇ. ಚೆಂದಕ್ಕೆ ಅಂತ ಮೇಲೆ ಮರದ ಡಬ್ಬ ಮುಚ್ಚಿದರೆ ಮಾತ್ರ ಲೆಕ್ಕವೆಲ್ಲ ಕೆಡುತ್ತದೆ.

ಸ್ವಲ್ಪ ದೊಡ್ಡದಾದರೆ ತೊಂದರೆ ಇಲ್ಲ. ಕೋಣೆ ಬೆಚ್ಚಗಾದಾಗ ನೀರನ್ನು ತಾನೇ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಇದ್ದರೆ ಕೋಣೆ ಕಾದುಹೋಗುವುದಿಲ್ಲ, ನೀರಿನ ತಾಪವನ್ನೂ ಇಳಿಸಿಟ್ಟುಕೊಳ್ಳಬಹುದು. ಕಂಡೆನ್ಸಿಂಗ್ ಬಾಯ್ಲರ್ ಇದ್ದವರಿಗೆ ಇದು ಲಾಭವೇ. ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆ ಬಾಯ್ಲರ್ ಹೊಗೆಯಲ್ಲಿರುವ ಆವಿಯ ಶಾಖವನ್ನೂ ಹಿಡಿಯುತ್ತದೆ. ಚಿಕ್ಕದಾದರೆ ಮಾತ್ರ ದಾರಿಯಿಲ್ಲ, ಚಳಿ ಏರಿದ ದಿನ ವಾಲ್ವ್ ಪೂರ್ತಿ ತೆರೆದರೂ ಕೋಣೆ ಬೆಚ್ಚಗಾಗದು.

ಕೊಳ್ಳುವಾಗ ವ್ಯಾಟಿನ ಪಕ್ಕದಲ್ಲಿ ಡೆಲ್ಟಾ-ಟಿ ಎಷ್ಟು ಅಂತ ಬರೆದಿದೆ ನೋಡಿ. ಹಳೆಯ ಪಟ್ಟಿಗಳಲ್ಲಿ 60 ಇರುವುದುಂಟು. ಅಲ್ಲಿ 1600 ಅಂತ ಕಂಡದ್ದು 50ರ ಲೆಕ್ಕದಲ್ಲಿ 1260 ಅಷ್ಟೇ.